ನಲವತ್ತು ಸೆಕೆಂಡಿನ ಉಸಿರು

"ಉಸಿರನ್ನೂ ಹೊಸದಾಗೇ ತಗೋಬೇಕು. ಹಳೇದು ಒಂದು ಚೂರೂ ಬೇಡ," ಎಂದರು ನಿರ್ದೇಶಕರು. ಗಾಜಿನಾಚೆ ಮೈಕಿನ ಮುಂದೆ ನಿಂತಿದ್ದ ಹೊಸ ಕಲಾವಿದ ಆಗಲೆಂದು ಗೋಣು ಹಾಕಿದ. ಗಾಜಿನೀಚೆ ಧ್ವನಿ ಮುದ್ರಿಸಲು ಕೂತಿದ್ದ ಅಕ್ಕ ಮಾತ್ರ ತಲೆಯೆತ್ತಲಿಲ್ಲ. ಅವಳು ಅಲ್ಲಿದ್ದ ಯಾರಿಗೂ ಅಕ್ಕನಲ್ಲ. ಏಳು ವರ್ಷ ಆ ಮೈಕಿನ ಮುಂದೆ ನಿಂತವನು ಅವಳ ಒಡಹುಟ್ಟಿದ ತಮ್ಮ. ಅವನು ಕೂಗೀ ಕೂಗೀ ಸ್ಟುಡಿಯೋಗೆಲ್ಲ ಅವಳು ಅಕ್ಕನಾಗಿದ್ದಳು. ಅವನು ತೀರಿಕೊಂಡು ಐದು ತಿಂಗಳಾಗಿತ್ತು.

ಕಾರ್ಟೂನ್ ಸರಣಿಯ ಹೆಸರು 'ಒಂಬತ್ತು ಬಾಗಿಲು'. ಆ ಹೆಸರಿನ ಆನ್‌ಲೈನ್ ಆಟ ಆಡುವ ಐವರ ಕಥೆ. ಆಟವೂ ಕಟ್ಟುಕಥೆ, ಆಡುವವರೂ ಕಟ್ಟುಕಥೆ, ನೋಡುವ ಮಕ್ಕಳಷ್ಟೇ ನಿಜ. ಐವರಲ್ಲಿ ಎಲ್ಲರಿಗಿಂತ ಮುಂದೆ ನಿಂತು ಏಟು ತಿನ್ನುವವನು ಗುರಾಣಿ ಮಾಮ. ಅವನಿಗೆ ದನಿ ಕೊಡುತ್ತಿದ್ದವನು ತಮ್ಮ. ಆ ದನಿ ನಿಂತ ಮೇಲೆ ಕಥೆ ಬರೆಯುವವರು ಒಂದು ಉಪಾಯ ಹೂಡಿದರು. ಕೋಟೆ ಬಾಗಿಲಲ್ಲಿ ಜಗಳ ಜೋರಾಗಿರುವಾಗ, ಗುರಾಣಿ ಮಾಮನನ್ನು ಆಡಿಸುವಾತ ಮನೆಯಲ್ಲಿ ಕುರ್ಚಿ ಬಿಟ್ಟು ಎದ್ದುಹೋಗುತ್ತಾನೆ. ಆಡಿಸುವವನು ಎದ್ದುಹೋದರೆ ಆಟದಲ್ಲಿ ಪಾತ್ರ ಬೀಳುವುದಿಲ್ಲ; ನಿಂತಲ್ಲೇ ನಿಂತು ಉಸಿರಾಡುತ್ತಿರುತ್ತದೆ. ನಲವತ್ತು ಸೆಕೆಂಡಾದ ಮೇಲೆ ಅದೇ ಕುರ್ಚಿಗೆ ಬೇರೊಬ್ಬ ಬಂದು ಕೂರುತ್ತಾನೆ. ಮೈ ಅದೇ, ದನಿ ಬೇರೆ.

ಹೊಸಬ ನಲವತ್ತು ಸೆಕೆಂಡು ಉಸಿರಾಡಿದ. ಚೆನ್ನಾಗಿಯೇ ಉಸಿರಾಡಿದ. ಆಮೇಲೆ ಹೆಡ್‌ಫೋನ್ ಕೆಳಗಿಳಿಸಿ, "ಸರ್, ಒಂದು ಕೇಳ್ಲಾ? ನಾನು ಬರೋದು ನಲವತ್ತೊಂದನೇ ಸೆಕೆಂಡಿಗೆ. ಅಲ್ಲೀವರೆಗೂ ಇದು ಯಾರ ಉಸಿರು?" ಎಂದ.

"ಯಾರದ್ದಾದ್ರೇನಪ್ಪ? ಉಸಿರು ಉಸಿರೇ."

"ಎದ್ದುಹೋದವರದ್ದಲ್ವಾ ಸರ್?"

ನಿರ್ದೇಶಕರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಆದರೂ ಮಾತಿನಲ್ಲಿ ಹುರುಳಿತ್ತು. ಕನ್ನಡಕ ತೆಗೆದು ಒರೆಸಿ ಅಕ್ಕನತ್ತ ತಿರುಗಿದರು. "ಹಳೇದ್ರಲ್ಲಿ ಸುಮ್ನೆ ನಿಂತಿರೋ ಉಸಿರು ಇದೆಯೇನಮ್ಮ? ಇದ್ರೆ ಹಾಕು, ಇಲ್ಲಾಂದ್ರೆ ಇವನದ್ದೇ ಇರ್ಲಿ. ಊಟದೊಳಗೆ ಈ ಕಂತು ಕಳಿಸಿ, ಹಳೇದೆಲ್ಲ ಅಳಿಸಿಬಿಡ್ಬೇಕು. ಮೇಲಿನವರು ಹೇಳಿಬಿಟ್ಟಿದಾರೆ." ಅಲ್ಲಿಂದ ಒಂದು ಸದ್ದನ್ನೂ ಮನೆಗೆ ಒಯ್ಯುವಂತಿರಲಿಲ್ಲ. ಉಳಿದರೆ ಕಂತಿನಲ್ಲಿ ಉಳಿಯಬೇಕು, ಇಲ್ಲದಿದ್ದರೆ ಇಲ್ಲ. ಗಡಿಯಾರದಲ್ಲಿ ಹನ್ನೆರಡೂಕಾಲು.

ಈ ಕಸುಬಿನಲ್ಲಿ ಉಸಿರುಗಳನ್ನು ಒಮ್ಮೆ ಮುದ್ರಿಸಿ ಕೂಡಿಟ್ಟುಕೊಳ್ಳುತ್ತಾರೆ, ಬೇಕಾದಾಗ ತೆಗೆದು ಜೋಡಿಸುತ್ತಾರೆ. ತಮ್ಮನವು ನೂರಾ ಹನ್ನೆರಡಿದ್ದವು. ಓಡಿ ಬಂದದ್ದು, ಏಟು ತಿಂದದ್ದು, ಮೆಟ್ಟಿಲು ಹತ್ತಿದ್ದು, ನಗು ತಡೆದದ್ದು. ಸುಮ್ಮನೆ ನಿಂತದ್ದು ಒಂದೂ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು, ಅವನೆಲ್ಲಿ ನಿಂತಾನು? ಇನ್ನೊಂದು ವಿಷಯ ಅವನನ್ನು ಬಿಟ್ಟರೆ ಅವಳೊಬ್ಬಳಿಗೇ ಗೊತ್ತಿತ್ತು. ಅವನ ಪ್ರತಿ ಉಸಿರಿನ ಕೊನೆಯಲ್ಲೂ ತೆಳ್ಳಗೆ ಒಂದು ಸೀಟಿ. ಮೊದಲೆರಡು ವರ್ಷ, "ಡಾಕ್ಟರಿಗೆ ತೋರ್ಸೋ," ಎಂದು ಅವಳು. "ಅಳಿಸೋಕೆ ನೀನಿದೀಯಲ್ಲ," ಎಂದು ಅವನು. ಆಮೇಲೆ ಕೈ ತಾನೇ ತಾನಾಗಿ ಅಳಿಸತೊಡಗಿತು, ಕಿವಿಗೆ ಕೇಳಿಸುವುದೇ ನಿಂತಿತು. ಅವನ ಎದೆ ಕೈಕೊಟ್ಟ ದಿನ ಡಾಕ್ಟರು ಕೇಳಿದ್ದರು: "ಈ ಸೀಟಿ ಎಷ್ಟು ದಿನದಿಂದ ಇತ್ತಮ್ಮ? ಮನೇಲಿ ಯಾರಿಗೂ ಕೇಳಿಸ್ಲಿಲ್ವಾ?"

ಅವಳು ಕೊನೆಯ ದಿನದ ಮುದ್ರಣ ತೆರೆದಳು. ತಿದ್ದಲು ಮನಸ್ಸಾಗದೆ ಹಾಗೇ ಬಿಟ್ಟಿದ್ದು. ಅಂದು ಅವನು ತಡವಾಗಿ ಬಂದಿದ್ದ. ಅವಳು ಮುನಿಸಿಕೊಂಡು, ಮಾತು ಶುರುಮಾಡಲು ಸನ್ನೆಯಾದ ಕೆಂಪು ದೀಪ ಹಾಕದೆ ಕೂತಿದ್ದಳು. ಅವನು ಮಾತೆತ್ತದೆ ಮೈಕಿನ ಮುಂದೆ ಕಾದು ನಿಂತಿದ್ದ. ಯಂತ್ರ ಮಾತ್ರ ಓಡುತ್ತಿತ್ತು. ನಲವತ್ತು ಸೆಕೆಂಡಿಗೆ ಒಂದೂ ಕಡಿಮೆಯಿರಲಿಲ್ಲ.

"ಸಿಕ್ತಾ?" ನಿರ್ದೇಶಕರು ಕಿವಿಗೊಟ್ಟರು. "ಭೇಷ್. ಆ ಸೀಟಿ ಒಂದು ಅಳಿಸಮ್ಮ."

ಅಭ್ಯಾಸಬಲದಿಂದ ಅವಳ ಬೆರಳು ಆಗಲೇ ಅಳಿಸುವ ಗುಂಡಿಗೆ ಹೋಗಿತ್ತು. ಹಿಂದಕ್ಕೆ ತೆಗೆದಳು.

"ಅಳ್ಸಲ್ಲ ಸರ್. ಏಳು ವರ್ಷ ಅದನ್ನೇ ಮಾಡಿದೀನಿ."

ನಿರ್ದೇಶಕರು ಅವಳ ಮುಖ ನೋಡಿದರು, ಗಡಿಯಾರ ನೋಡಿದರು. "ಆಯ್ತು, ನಡೀಲಿ," ಎಂದು ಕುರ್ಚಿ ಎಳೆದುಕೊಂಡು ಕೂತರು.

ಪರದೆಯಲ್ಲಿ ಗುರಾಣಿ ಮಾಮ ಬಾಗಿಲಿಗೆ ಅಡ್ಡವಾಗಿ ನಿಂತ. ಆ ಮೈಯೊಳಗೆ ಯಾರೂ ಇಲ್ಲ. ಸುತ್ತಲಿಂದ ಏಟು ಬೀಳುತ್ತಿತ್ತು, ಭುಜ ಏರಿ ಇಳಿಯುತ್ತಿತ್ತು, ಪ್ರತಿ ಉಸಿರಿನ ಕೊನೆಗೂ ಸೀಟಿ. ಗಾಜಿನಾಚೆ ಹೊಸಬ ಕೆಂಪು ದೀಪವನ್ನೇ ನೋಡುತ್ತಾ ತನ್ನ ಸರದಿಗೆ ಕಾದಿದ್ದ. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತಕ್ಕೆ ಹಳೆಯದನ್ನು ನಿಲ್ಲಿಸಬೇಕಿತ್ತು. ಅವಳ ಕೈ ಒಂದಿಷ್ಟು ತಡಮಾಡಿತು. ಅವಳ ಹೆಡ್‌ಫೋನಿನಲ್ಲಿ ತಮ್ಮ ಕೇಳಿದ:

"ಅಕ್ಕಾ, ಸಿಟ್ಟು ಇಳೀತಾ? ಶುರು ಮಾಡ್ಲಾ?"

ಅಂದು ಅವಳು ಉತ್ತರ ಕೊಟ್ಟಿರಲಿಲ್ಲ. ಮುಖ ತಿರುಗಿಸಿಕೊಂಡೇ ದೀಪ ಹಾಕಿದ್ದಳು.

"ಹೂಂ, ಮಾಡಪ್ಪ," ಎಂದು ಅಕ್ಕ ಕೆಂಪು ದೀಪ ಹಾಕಿದಳು. ಗಾಜಿನಾಚೆ ಹೊಸಬ ಉಸಿರೆಳೆದುಕೊಂಡು ಮಾತು ಶುರುಮಾಡಿದ.