ರೈಲಿಗೆ ಇಡದ ನಿಂಬೆಹಣ್ಣು

ಹೊಸ ಕಾರಿನ ಬಾಗಿಲು ತೆರೆದಾಗ ಬರುವ ವಾಸನೆ ಈಗಲೂ ನನ್ನನ್ನು ನೆಲಮಂಗಲದ ಗೂಡ್ಸ್ ಯಾರ್ಡಿನ ಒಂದು ಮಧ್ಯಾಹ್ನಕ್ಕೆ ಎಳೆದುಕೊಂಡು ಹೋಗುತ್ತದೆ.

ಅಪ್ಪ ಕಾರ್ಖಾನೆಯ ಹೊಸ ಕಾರುಗಳನ್ನು ಉದ್ದನೆಯ ಟ್ರೈಲರ್ ಲಾರಿಯಲ್ಲಿ ಊರೂರಿನ ಶೋರೂಮಿಗೆ ಸಾಗಿಸುತ್ತಿದ್ದ. ಪ್ರತಿ ಲೋಡಿಗೂ ಲಾರಿಯ ಮುಂದಿನ ಚಕ್ರದಡಿ ನಿಂಬೆಹಣ್ಣಿಟ್ಟು, ಅದು ಅಪ್ಪಚ್ಚಿಯಾದ ಮೇಲೆಯೇ ರಸ್ತೆ ಹಿಡಿಯುತ್ತಿದ್ದ. ಆ ತಿಂಗಳು ಲೋಡೇ ಸಿಕ್ಕಿರಲಿಲ್ಲ. “ರೈಲಿಗೆ ಕಾರು ತುಂಬ್ತಾರಂತೆ, ನೋಡ್ಕೊಂಡು ಬರೋಣ ಬಾ” ಎಂದು ನನ್ನನ್ನು ಬೈಕಿಗೆ ಹತ್ತಿಸಿಕೊಂಡ.

ಅಲ್ಲಿ ಕಿಟಕಿಯೇ ಇಲ್ಲದ ಡಬ್ಬಿಗಳು ಕಣ್ಣಳತೆ ಮೀರಿ ನಿಂತಿದ್ದವು. ಕೊನೆಯ ಡಬ್ಬಿಯ ಬಾಯಿ ಮಾತ್ರ ತೆರೆದಿತ್ತು. ಕಾರುಗಳು ಒಂದರ ಹಿಂದೊಂದು ಹಲಗೆ ಹತ್ತಿ ಆ ಕತ್ತಲೊಳಗೆ ಹೋಗುತ್ತಿದ್ದವು. ಓಡಿಸಿಕೊಂಡು ಹೋದವರು ಬೆವರು ಒರೆಸುತ್ತ ನಡೆದು ಹಿಂತಿರುಗುತ್ತಿದ್ದರು.

“ಈ ರೈಲಲ್ಲಿ ಎಷ್ಟು ಕಾರು ಹಿಡಿಯುತ್ತಪ್ಪಾ?” ಎಂದೆ.

ಅಪ್ಪನ ಪಕ್ಕದಲ್ಲಿದ್ದ ಇನ್ನೊಬ್ಬ ಲಾರಿ ಡ್ರೈವರ್ ರಂಗಣ್ಣ ಬೀಡಿ ಹೊಸಕಿ, “ನಮ್ಮಂಥ ಇಪ್ಪತ್ತು ಲಾರಿ ಲೋಡು ಹಿಡಿಯುತ್ತೆ, ಮಗಾ” ಎಂದ.

ಕಬ್ಬಿಣದ ಬಾಗಿಲು ಮುಚ್ಚಿದ ಸದ್ದು ನನ್ನ ಅಂಗಾಲಿಗೆ ತಾಗಿತು. ಅಪ್ಪನ ಕೈ ತಾನಾಗಿ ಜೇಬಿಗೆ ಹೋಗಿ, ಲೋಡು ಸಿಕ್ಕರೂ ಸಿಗಬಹುದೆಂದು ಇಟ್ಟುಕೊಂಡಿದ್ದ ನಿಂಬೆಹಣ್ಣು ತೆಗೆಯಿತು. ಅಷ್ಟರಲ್ಲಿ ರೈಲು ಹೊರಟೇಬಿಟ್ಟಿತ್ತು.

“ತಗೋ, ಅಮ್ಮಂಗೆ ಕೊಡು. ಚಿತ್ರಾನ್ನಕ್ಕೆ ಆಗುತ್ತೆ.”

ಲಾರಿಗೆಂದು ತಂದ ಹಣ್ಣನ್ನು ಅಡುಗೆಗೆ ಮುಟ್ಟಬಾರದೆಂದು ಅಮ್ಮ ಸದಾ ಗದರುತ್ತಿದ್ದಳು. ಅಂದು ಅಪ್ಪನ ಮುಖ ನೋಡಿದವಳು, ಈಳಿಗೆಮಣೆ ಎಳೆದುಕೊಂಡು ಅದನ್ನು ಎರಡು ಹೋಳು ಮಾಡಿದಳು.