ಮೂರು ತಿಂಗಳ ಇಳಿಕೆ

“ಏನಮ್ಮಾ ಇದು? ಹೋದ ಮೂರು ತಿಂಗಳಿಗಿಂತ ಗೂಡು ಅರ್ಧಕ್ಕೆ ಇಳಿದಿದೆಯಲ್ಲ!” ರೇಷ್ಮೆ ಕಚೇರಿಯ ಗುಮಾಸ್ತ ಶೇಷಗಿರಿ ಬರೆಯುವುದನ್ನು ನಿಲ್ಲಿಸಿದ. ಮೂರು ತಿಂಗಳಿಗೊಮ್ಮೆ ಕುಂದಾಣಕ್ಕೆ ಬಂದು ಇಳುವರಿ ಬರೆದುಕೊಳ್ಳುವುದು ಅವನ ಕೆಲಸ. ಯುದ್ಧದ ವರ್ಷಗಳಲ್ಲಿ ಪ್ರತಿ ಸಲವೂ ಏರಿಕೆ ತೋರಿಸಿದ ಮನೆಯೆಂದರೆ ಕದಿರಮ್ಮನದೊಂದೇ. “ಹುಳಕ್ಕೆ ರೋಗ ಬಂತಾ?”

“ಇಲ್ಲ ಸ್ವಾಮಿ, ಹುಳ ಚೆನ್ನಾಗವೆ. ಮೇಯ್ಸೋ ಕೈ ಕಮ್ಮಿ ಆದ್ವು.” ಕದಿರಮ್ಮ ಖಾಲಿ ಚಂದ್ರಿಕೆಯನ್ನು ಮಡಿಲಿಗೆಳೆದುಕೊಂಡು ಅದರ ಬಿದಿರಿನ ಸುತ್ತುಗಳ ಮೇಲೆ ಬೆರಳಾಡಿಸಿದಳು. ಹುಳಗಳು ಗೂಡು ಕಟ್ಟುವ ಆ ತಟ್ಟೆಯನ್ನು ಮಗಳು ಅಕ್ಕಯಮ್ಮ ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. “ಅಳಿಯ ದಂಡಿಗೆ ಹೋದ್ಮೇಲೆ ನಾಕು ವರ್ಷ ನಮ್ಮಲ್ಲೇ ಇದ್ಲು. ಬೆಳಗಾಗೋದ್ರೊಳಗೆ ಸೊಪ್ಪು ಕುಯ್ಕೊಂಡು ಬರೋಳು, ಹಾಡ್ತಾ ಹಾಡ್ತಾ ಮೇಯ್ಸೋಳು. ನೀವು ಏರಿಕೆ ಅಂತ ಬರ್ಕೊಂಡಿದ್ದೆಲ್ಲ ಅವಳೇ ಸ್ವಾಮಿ.”

“ಈಗ ಎಲ್ಲಿ?” ಶೇಷಗಿರಿ ಅಳುಕುತ್ತ ಕೇಳಿದ.

“ಸಂಕ್ರಾಂತಿಗೆ ಅಳಿಯ ಜೀವ ಉಳಿಸ್ಕೊಂಡು ಬಂದ. ಅವಳ್ನ ತನ್ನೂರು ಬೂದಿಗೆರೆಗೆ ಕರ್ಕೊಂಡೋದ.” ಕದಿರಮ್ಮನ ಕಣ್ಣು ತುಂಬಿತ್ತು, ಆದರೂ ಮುಖದಲ್ಲಿ ನಗುವಿತ್ತು. “ಅರ್ಧಕ್ಕೆ ಇಳೀತು ಅಂತಾನೇ ಬರ್ಕೊಳ್ಳಿ ಸ್ವಾಮಿ. ಅದು ಹಂಗೇ ಇಳಿದಿರ್ಲಿ.”