ಮಧುಕುಮಾರನ ಚಕ್ರ

ಸೈಕಲ್ ರಿಪೇರಿ ಅಂಗಡಿಯ ಫಕ್ರುದ್ದೀನ್ ಐದು ರೂಪಾಯಿ ನಾಣ್ಯದಿಂದ ಕಾರ್ಬನ್ ಚಕ್ರದ ಅಂಚನ್ನು ಸುತ್ತಲೂ ತಟ್ಟುತ್ತಾ ಬಂದ. ಟಣ್ ಟಣ್ ಎನ್ನುತ್ತಿದ್ದ ಸದ್ದು ಕೆಂಪು ಸ್ಟಿಕ್ಕರ್ ಅಂಟಿಸಿದ್ದ ಕಡೆ ಮಾತ್ರ ಒದ್ದೆ ಹಲಗೆಗೆ ಬಡಿದಂತೆ ಮಂಕಾಯಿತು.

"ಇದನ್ನ ಯಾರಮ್ಮಾ ಕೊಟ್ಟಿದ್ದು?"

"ನಮ್ ಸೈಕಲ್ ಕ್ಲಬ್ ಸೆಕ್ರೆಟರಿ ಸ್ವಾಮಿ ಸಾರು. ಹೊಸದು ಅಂದ್ರು," ಎಂದಳು ಧನುಶ್ರೀ.

ಕೂಟಗಲ್‌ನಿಂದ ಬಿಡದಿಯ ಕಾರ್ಖಾನೆಗೆ ದಿನವೂ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದ ಅವಳಿಗೆ, ಭಾನುವಾರ ಸಾವನದುರ್ಗದ ಕಡೆಯ ಏರು ಹತ್ತುವುದಕ್ಕೂ ಒಗ್ಗುವ ಒಂದು ಜೊತೆ ಚಕ್ರ ಬೇಕಿತ್ತು. ಟಿಪ್ಪರ್‌ಗಳು ಕಿತ್ತುಹಾಕಿದ ರಸ್ತೆಗೆ ಅಲ್ಯೂಮಿನಿಯಂನದೇ ಸರಿ ಎಂದು ಫಕ್ರುದ್ದೀನ್ ಮೊದಲೇ ಹೇಳಿದ್ದ. ಸ್ವಾಮಿ ಕೇಳಲಿಲ್ಲ. ಮುಂದಿನ ವಾರದ ಸ್ಪರ್ಧೆಗೆ ಕ್ಲಬ್ಬಿನಿಂದ ಹೋಗುವವಳು ಅವಳು. ಕಾರ್ಬನ್ನೇ ಇರಲಿ ಎಂದು ತಾನೇ ಆರಿಸಿ ಕೈಗಿತ್ತಿದ್ದ. ಎರಡೂ ಚಕ್ರ ಸೇರಿ ಒಂದೂವರೆ ಕೇಜಿಯೂ ಇರಲಿಲ್ಲ. ಎತ್ತಿ ನೋಡಿದಾಗ ಅವಳಿಗೂ ಆಸೆಯಾಗಿತ್ತು.

ಫಕ್ರುದ್ದೀನ್ ಸ್ಟಿಕ್ಕರ್ ಕಿತ್ತ. ಕೆಳಗೆ ದಪ್ಪಗೆ ಬಳಿದ ಕರಿ ಬಣ್ಣ. ಉಗುರಿನಿಂದ ಕೆರೆದರೆ ಅಂಟಿಸಿದ ಸೀಳು ಕಂಡಿತು. ಪಕ್ಕದಲ್ಲೇ ಮೊಳೆಯಿಂದ ಗೀಚಿದ ಸಣ್ಣ ಗುರುತು.

"ಈ ಗುರುತು ಹಾಕ್ದವ್ನು ನಾನೇ. ಇದು ನಿಮ್ ಕ್ಲಬ್ಬಿನ ಹುಡ್ಗ ಮಧುಕುಮಾರ ಬಿದ್ದ ವೀಲು. ಕ್ಲಬ್ಬಲ್ಲಿ ಯಾರ್ಯಾರೋ ಓಡ್ಸಿ, ಇಳಿಜಾರಲ್ಲಿ ಬ್ರೇಕ್ ಹಿಡ್ದೂ ಹಿಡ್ದೂ ಕಾದು, ಅವ್ನು ಬೀಳೋಕೆ ಮುಂಚೇನೇ ಊದ್ಕೊಂಡಿತ್ತು. ಆಗ್ಲೇ ಗುರುತು ಹಾಕಿ, ಬಿಸಾಕ್ಬುಡಿ ಅಂತ ಸ್ವಾಮಿಗೆ ಹೇಳಿದ್ದೆ."

ಆರು ವಾರದ ಹಿಂದೆ ಇಳಿಜಾರಿನಲ್ಲಿ ಮುಂದಿನ ಚಕ್ರ ಸಿಡಿದು ಮಧುವಿನ ಬಲಗೈ ಮುರಿದಿತ್ತು. ಅವನಿಗೆ ಬ್ರೇಕ್ ಹಿಡಿಯಲು ಬರುವುದಿಲ್ಲ ಎಂದು ಸ್ವಾಮಿ ಎಲ್ಲರೆದುರು ಹೇಳಿದ್ದ. ಧನುಶ್ರೀಯೂ ಅದನ್ನು ನಂಬಿದ್ದಳು.

"ನೀವ್ಯಾಕೆ ಆವತ್ತೇ ಬಾಯಿ ಬಿಡ್ಲಿಲ್ಲ ಸಾಬ್ರೇ?"

"ನಿಮ್ ಕ್ಲಬ್ಬಿನ ವಿಷ್ಯ ಅಂತ ಸುಮ್ನಾದೆ," ಎಂದು ಅವನು ತಲೆ ತಗ್ಗಿಸಿದ. ಅವಳು ಚಕ್ರ ಕಿತ್ತುಕೊಂಡು ಹೊರಟಳು.

ಬಸ್ ನಿಲ್ದಾಣದ ಎದುರಿನ ತನ್ನ ಝೆರಾಕ್ಸ್ ಅಂಗಡಿಯಲ್ಲಿ ಸ್ವಾಮಿ ಒಬ್ಬನೇ ಕೂತಿದ್ದ. ಅವಳು ಚಕ್ರವನ್ನು ಮೇಜಿನ ಮೇಲೆ ಕುಕ್ಕಿದಳು.

"ಇದು ಮಧು ಬಿದ್ದ ವೀಲು ಸಾರ್."

ಸ್ವಾಮಿ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ರಿಪೇರಿ ಮಾಡ್ಸಿವ್ನಿ ಕಣಮ್ಮ. ಅವ್ನು ಎಂಬತ್ತು ಕೇಜಿ, ನೀನು ನಲವತ್ತೆಂಟು. ನಿನ್ ಭಾರಕ್ಕೆ ಏನೂ ಆಗಲ್ಲ."

"ಗೊತ್ತಿದ್ದೂ ಕೊಟ್ರಾ?"

"ಒಂದು ರೇಸ್ ತಾನೇ? ಕ್ಲಬ್ಬಿಗೆ ಒಸಿ ಹೆಸ್ರು ಬರ್ಲಿ ಅಂತ..."

"ಹಂಗಾದ್ರೆ ನಿಮ್ ಮಗಳು ಸುಮನಾ ಸೈಕಲ್ಲಿಗೆ ಹಾಕಿ. ಅವ್ಳು ನಲವತ್ತೇ ಕೇಜಿ."

ಸ್ವಾಮಿಯ ಮುಖ ಬಿಗಿಯಿತು. ಕೈ ಚಾಚಿದ. "ವೀಲ್ ಇಲ್ಲಿ ಕೊಡು."

"ಕೊಡಲ್ಲ! ನಿಮ್ ಕ್ಲಬ್ಬಿಂದ ಇನ್ಮೇಲೆ ನಾನು ಓಡ್ಸೋದೂ ಇಲ್ಲ." ಅವಳ ದನಿ ಬೀದಿಗೆ ಕೇಳುವಷ್ಟು ಏರಿತು. ಎದುರು ಟೀ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಸ್ವಾಮಿ ಚಾಚಿದ ಕೈಯನ್ನು ಮೆಲ್ಲಗೆ ಹಿಂದೆಗೆದುಕೊಂಡ.

ಚಕ್ರವನ್ನು ಹೆಗಲಿಗೆ ತಗುಲಿಸಿಕೊಂಡು, ತನ್ನ ಹಳೇ ಅಲ್ಯೂಮಿನಿಯಂ ಚಕ್ರಗಳ ಮೇಲೆಯೇ ತುಳಿಯುತ್ತಾ ಅವಳು ಕೂಟಗಲ್ ತಲುಪಿದಳು. ಅದೇ ಊರಿನ ಮಧುಕುಮಾರ ತನ್ನ ಮನೆಯ ಜಗಲಿಯ ಮೇಲಿದ್ದ. ಬಲಗೈಗೆ ಇನ್ನೂ ಪ್ಲಾಸ್ಟರ್ ಇತ್ತು. ಸೈಕಲ್ಲನ್ನು ಮಾರಿಬಿಡುವುದಾಗಿ ಮನೆಯಲ್ಲಿ ಹೇಳಿದ್ದನಂತೆ.

"ತಪ್ಪು ನಿಂದಲ್ಲ ಕಣೋ," ಎಂದು ಸೀಳು ತೋರಿಸಿ, ಫಕ್ರುದ್ದೀನ್ ಹೇಳಿದ್ದನ್ನೆಲ್ಲ ಹೇಳಿದಳು. "ನಾನೂ ತಪ್ಪು ನಿಂದೇ ಅಂದ್ಕೊಂಡಿದ್ದೆ."

ಮಧು ಎಡಗೈ ಬೆರಳನ್ನು ಆ ಸೀಳಿನ ಮೇಲೆ ಆಡಿಸಿದ.

"ಆದ್ರೆ ಅಕ್ಕ, ತಪ್ಪು ನಂದೇ ಅಂತ ನನ್ ಕೈಲಿ ಬರೆಸ್ಕೊಂಡವ್ರೆ ಸ್ವಾಮಿ ಸಾರು. ಆಸ್ಪತ್ರೆಗೇ ಕಾಗದ ಹಿಡ್ಕೊಂಡು ಬಂದಿದ್ರು."

"ಕೈ ಮುರ್ದಿತ್ತಲ್ಲೋ, ಹೆಂಗೆ ಬರ್ದೆ?"

"ಎಡಗೈಲಿ ಬರಿ ಅಂದ್ರು. ಅವಸರ ಇಲ್ಲ, ಕಾಯ್ತೀನಿ ಅಂತ ಪಕ್ಕದಲ್ಲೇ ಕೂತಿದ್ರು."